ಬಿಚ್ಚದ ಅರಿಶಿನ ದಾರ

ಹಚ್ಚೊಳ್ಳಿ ದುರುಗಣ್ಣನ ಮಗಳು ಉಚ್ಚಂಗೆಮ್ಮ. ತೀರಿಕೊಂಡಾಗ ವಯಸ್ಸು ನಲವತ್ತೇಳು. ತಾಯಿ ಪಾರಮ್ಮ, ಗಂಡ ತಿಪ್ಪೇಶ, ಸಿರುಗುಪ್ಪದಲ್ಲಿ ನರ್ಸ್ ಆಗಿರುವ ಒಬ್ಬಳೇ ಮಗಳು ಸುಧಾರಾಣಿ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾಡಿಗೆ ಮನೆ. ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದವಳು ಮೂವತ್ತೈದು ದಾಟಿದ ಮೇಲೆ ಸಂಜೆ ಶಾಲೆಗೆ ಸೇರಿ ಹತ್ತನೆಯ ತರಗತಿ ಮುಗಿಸಿದಳು. ನಾನು ಅದೇ ಬೆಂಚಿನವಳು. ನಮಗೆ ಅಕ್ಷರವನ್ನು ಯಾರೂ ದಾನ ಮಾಡಲಿಲ್ಲ; ಹಗಲೆಲ್ಲ ಮಷಿನ್ ತುಳಿದು ಬಂದು ಗಳಿಸಿಕೊಂಡೆವು.

ಅವಳು ಬರೆದದ್ದು ಒಂದೇ ಪುಸ್ತಕ, ‘ನಾಟಿಯ ಸಾಲು’. ಪ್ರಕಾಶಕರು ಉತ್ತರಿಸದಿದ್ದಾಗ ತಾನೇ ಇನ್ನೂರು ಪ್ರತಿ ಅಚ್ಚು ಹಾಕಿಸಿದಳು. ಕಾಲುವೆ ನೀರಿನ ಗದ್ದೆಯಲ್ಲಿ ತನ್ನ ಪಕ್ಕದ ಸಾಲಿಗೆ ನಿಲ್ಲುತ್ತಿದ್ದ ಗೆಳತಿ ಸುಮಂಗಲಾಳ ಕಥೆ ಅದು. ಕೊನೆಯ ಅಧ್ಯಾಯ ತಪ್ಪೊಪ್ಪಿಗೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಯಾವುದೋ ಜಗಳದ ಸಿಟ್ಟಿಗೆ, ಸುಮಂಗಲಾ ಕೆಲಸ ತಪ್ಪಿಸಿ ಶಾಲೆಗೆ ಹೋಗುತ್ತಾಳೆಂದು ಅವಳ ಅಪ್ಪನಿಗೆ ಉಚ್ಚಂಗೆಮ್ಮ ಹೇಳಿಬಿಟ್ಟಿದ್ದಳು. ಎರಡು ತಿಂಗಳಲ್ಲಿ ಸುಮಂಗಲಾಳನ್ನು ಕುರುಗೋಡು ಸೀಮೆಗೆ ಮದುವೆ ಮಾಡಿ ಕಳಿಸಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಹುಡುಕಿಕೊಂಡು ಹೋಗು” ಎಂದೆ.

“ಯಾವ ಮುಖ ಇಟ್ಕಂಡು ಹೋಗ್ಲಿ? ಮೊದ್ಲು ಆಕಿ ಓದ್ಲಿ. ಓದಿ ‘ಬಾ’ ಅಂದ್ರ, ಬರಿಗಾಲಿಲೆ ಹೋಗಾಕ ತಯಾರ್ ಅದೀನಿ.”

ಅದಕ್ಕಾಗಿ ಫೇಸ್‌ಬುಕ್ಕಿನಲ್ಲಿ ಪ್ರತಿ ತಿಂಗಳು ಪ್ರಕಟಣೆ: ‘ಕುರುಗೋಡು ತಾಲೂಕಿನವರಿಗೆ ಮಾತ್ರ. ಹೆಸರು, ಊರು ಬರೆಯಿರಿ. ಚೀಟಿ ಎದ್ದವರಿಗೆ ಪುಸ್ತಕ ಉಚಿತ.’ ಭಾನುವಾರ ಮಧ್ಯಾಹ್ನ ಮಷಿನ್‌ಗೆ ಫೋನು ಒರಗಿಸಿ ಲೈವ್ ಹಚ್ಚುವಳು. ಚೀಟಿಗಳು ಹಿತ್ತಾಳೆ ಸೇರಿಗೆ ಬೀಳುವ ಮುನ್ನ ಒಂದೊಂದನ್ನೂ ಓದಿ ಸುಮಂಗಲಾ ಎಂಬ ಹೆಸರಿಗಾಗಿ ಹುಡುಕುವಳು. ಎತ್ತುವ ಕೆಲಸ ನನ್ನದು.

ಜೊತೆಗೆ ಹೊಲಿಯುವ ಗಾದೆಮ್ಮ ಬಿಡುತ್ತಿರಲಿಲ್ಲ: “ಪುಕ್ಸಟ್ಟೆ ಕೊಡಾಕ ಲೈವ್ ಬ್ಯಾರೆ! ಜೊತಿಗಿ ಒಂದು ಪ್ಯಾಂಟ್ ಇಡು ಲೇ, ಸಾವಿರ ಮಂದಿ ಬರ್ತಾರ.”

“ಪ್ಯಾಂಟ್ ಇಟ್ರ ಪ್ಯಾಂಟ್ ಹಾಕ್ಕಂತಾರ. ಪುಸ್ತಕ ಯಾರ್ ಓದ್ಬೇಕಲೇ?”

ಹೆಣ್ಣುಮಗಳ ಮನೆಗೆ ಹೋಗುವುದು ಬರಿದಾಗಿ ಹೋಗಬಾರದೆಂದು ಪ್ರತಿ ಪುಸ್ತಕವನ್ನೂ ಕೆಂಪು ರವಿಕೆ ಬಟ್ಟೆಯಲ್ಲಿ ಸುತ್ತಿ, ಅರಿಶಿನ ದಾರ ಕಟ್ಟಿ, ಕುಂಕುಮ ಹಚ್ಚಿ ಕಳಿಸಿದಳು. ಕೆಲವಕ್ಕೆ ನಾನೂ ದಾರ ಕಟ್ಟಿಕೊಟ್ಟೆ; ಅವಳ ಗಂಟು ಮೂರು ಸುತ್ತು, ನನ್ನದು ಎರಡು.

ಹದಿನಾಲ್ಕು ತಿಂಗಳು, ಹದಿನಾಲ್ಕು ಪುಸ್ತಕ. ಒಬ್ಬರೂ ಓದಿದೆವೆನ್ನಲಿಲ್ಲ. ಗುರುತಿಲ್ಲದ ನಂಬರಿನಿಂದ ಫೋನು ಬಂದಾಗಲೆಲ್ಲ ಅವಳು ಮಷಿನ್ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಎತ್ತುತ್ತಿದ್ದಳು. ಹೋದ ಶ್ರಾವಣದಲ್ಲಿ ಜ್ವರ ಬಂತು. ಐದನೆಯ ದಿನ ಹೋದಳು.

ಗೆದ್ದವರ ಪಟ್ಟಿ ಹಿಡಿದು ನಾನು ಬಸ್ಸು ಹತ್ತಿದೆ. ಓದದೇ ಇದ್ದವರಿಗೆ ನಾಲ್ಕು ಮಾತು ಹೇಳಿಯೇ ಬರುವುದೆಂದು ನಿಶ್ಚಯಿಸಿದ್ದೆ. ಕುರುಗೋಡಿನ ಮೊದಲ ಮನೆಗೆ ಹೋದೆ. ಪುಸ್ತಕ ದೇವರ ಗೂಡಿನಲ್ಲಿತ್ತು, ಕಟ್ಟಿದ್ದು ಕಟ್ಟಿದಂತೆ. ಎರಡನೆಯ ಮನೆಯಲ್ಲೂ ಹಾಗೆಯೇ. ಮೂರನೆಯದು ಬಾದನಹಟ್ಟಿಯ ಕರಿಬಸವನ ಮನೆ.

“ಪುಕ್ಸಟ್ಟೆ ಅಂದ್ರ ಎಲ್ಲಾದಕ್ಕೂ ಹೆಸರು ಹಾಕ್ತೀನ್ರಿ ನಾನು” ಎಂದು ಆತ ನಕ್ಕ. “ಮಿಕ್ಸರ್ ಬರ್ತೈತಂತ ಕಾದಿದ್ದೆ, ಪುರಾಣ ಬಂತು.”

ಒಳಗಿನಿಂದ ಅವನ ತಾಯಿ ಬಂದಳು. “ಕೆಂಪು ಅರಿವಿ, ಅರಿಶಿನ ದಾರ... ಯಾರೋ ಪೂಜಿ ಮಾಡಿ ಕಳಿಸ್ಯಾರಂತ ದಿನಾ ದೀಪ ಹಚ್ತೀನ್ರಿ. ಮನಸಿಗೆ ಬಂದಂಗ ಬಿಚ್ಚಾಕ ಬರ್ತೈತೇನು?”

“ನಿಮಗ ಓದಾಕ ಬರ್ತೈತಾ?”

“ಹಚ್ಚೊಳ್ಳಿ ಸಾಲ್ಯಾಗ ಕದ್ದು ಕಲ್ತಿದ್ನಿ. ಕೂಡಿಸ್ಕಂಡು ಓದ್ತೀನಿ.”

ಹೆಸರು ಕೇಳಿದೆ. ಸುಮಂಗಲಾ ಎಂದಳು.

ದಾರ ಬಿಚ್ಚಲು ನಾನೇ ಹೇಳಿದೆ. ದೀಪದ ಎಣ್ಣೆ ಕುಡಿದು ಗಂಟು ಬಿಗಿದಿತ್ತು. ಕತ್ತರಿ ಬೇಡವೆಂದು ಹಲ್ಲಿನಿಂದ ಸಡಿಲಿಸಿದಳು. ಎರಡು ಸುತ್ತಿನ ಗಂಟು, ನಾನು ಕಟ್ಟಿದ್ದು. ಬೆನ್ನುಪುಟದ ಭಾವಚಿತ್ರದ ಮೇಲೆ ಅವಳ ಹೆಬ್ಬೆರಳು ನಿಂತಿತು.

“ಈಕಿ ಎಲ್ಲೈದಾಳ?”

ಹೇಳಿದೆ. ಕಾದದ್ದನ್ನೂ, ಕಾದ ಕಾರಣವನ್ನೂ ಹೇಳಿದೆ.

ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಂದಳು: “ಅಪ್ಪಗ ಹೇಳಿದಾಕಿ ಈಕಿ ಅಂತ ಅವತ್ತೇ ಗೊತ್ತಿತ್ತು ನನಗ. ಆದ್ರೂ ಬರ್ತಾಳಂತ, ದಿಬ್ಬಣದ ಟ್ರ್ಯಾಕ್ಟರ್ ಮ್ಯಾಲ ಕುಂತು ಕಾಲುವಿ ದಾಟೋತನಕ ತಿರುಗಿ ನೋಡಿದ್ನಿ.”

ಉಚ್ಚಂಗೆಮ್ಮ ಬಿಟ್ಟುಹೋದದ್ದು: ಒಂದು ಹೊಲಿಗೆ ಮಷಿನ್. ನೂರ ಎಂಬತ್ತಾರು ಪ್ರತಿಗಳು. ನಾನು ಎತ್ತದ ಚೀಟಿಗಳಿರುವ ಹಿತ್ತಾಳೆ ಸೇರು. ಅರ್ಧ ಉಂಡೆ ಅರಿಶಿನ ದಾರ. ಸದ್ದನ್ನು ಪೂರ್ತಿ ಏರಿಸಿಟ್ಟ ಒಂದು ಫೋನು. ಸುಧಾರಾಣಿ ಅದನ್ನು ಇನ್ನೂ ಬಂದ್ ಮಾಡಿಲ್ಲ. ಬಾದನಹಟ್ಟಿಯಲ್ಲಿ ಒಂದು ಕೆಂಪು ಬಟ್ಟೆ, ಅದರ ಮೇಲೆ ತೆರೆದಿಟ್ಟ ಪುಸ್ತಕ, ದಿನಕ್ಕೆ ನಾಲ್ಕು ಸಾಲಿನಂತೆ ಕೊನೆಯ ಅಧ್ಯಾಯದ ಕಡೆಗೆ ನಡೆಯುತ್ತಿರುವ ಒಂದು ಬೆರಳು.