ಶಿಲುಬೆ ಕಂಡರೆ ಕತ್ತರಿ

ಒಂದು ಬೆಳ್ಳಿ ಗ್ರೋಸೊ ಕೊಟ್ಟರೆ ವೆನಿಸ್ಸಿನ ರಿಯಾಲ್ಟೊ ಪೇಟೆಯಲ್ಲಿ ಮನೆಮಂದಿಗೆ ರೊಟ್ಟಿ, ಜೊತೆಗೊಂದು ಹಾವುಮೀನು ಸಿಗುತ್ತದೆ. ಅದೇ ನಾಣ್ಯ ಪೇಟೆಯ ನಾಣ್ಯ ಪರೀಕ್ಷಕ ವಿಯೆಲ್ಮೊನ ಕತ್ತರಿಗೆ ಬಿದ್ದರೆ ಬರೀ ಬೆಳ್ಳಿಯ ತೂಕ. ಹಾವುಮೀನು ಹೋಯಿತು, ರೊಟ್ಟಿ ಉಳಿಯಿತು.

ಬೆಳಗಿನ ಜಾವ ಕಾಲುವೆಯ ಮಂಜು ಚರ್ಚಿನ ಜಗಲಿ ಹತ್ತಿದೆ. ಮೊದಲು ಕಟ್ ಎಂಬ ಸದ್ದು ಕೇಳುತ್ತದೆ, ಆಮೇಲೆ ಮನುಷ್ಯ ಕಾಣುತ್ತಾನೆ. ಎದುರಿಗೆ ನಾಣ್ಯ ಕತ್ತರಿಸುವ ಹಲಗೆ, ಎಡಗೈಯಲ್ಲಿ ಕತ್ತರಿ. ಬಲಗೈ ತೋಳಿನೊಳಗೆ ಅಡಗಿದೆ.

ಕೆಲಸ ಸರಳ. ನಾಣ್ಯದ ಒಂದು ಬದಿ ಸಿಂಹಾಸನದಲ್ಲಿ ಕೂತ ಸ್ವಾಮಿ, ಇನ್ನೊಂದು ಬದಿ ನಮ್ಮ ಡೋಜ್ ದೊರೆಗೆ ಕೋಲು ಕೊಡುತ್ತಿರುವ ಸಂತ ಮಾರ್ಕ. ಕೋಲಿನ ತುದಿಯಲ್ಲಿ ಧ್ವಜವಿದ್ದರೆ ನಮ್ಮದು. ಶಿಲುಬೆಯಿದ್ದರೆ ಕಡಲಾಚೆಯ ಸೆರ್ಬರ ದೊರೆಯದು, ಬೆಳ್ಳಿ ಕಮ್ಮಿ. ಕಂಡಲ್ಲೇ ಕತ್ತರಿಸಬೇಕೆಂದು ಆಜ್ಞೆ.

"ಸ್ವಾಮಿ ಎರಡ್ರಲ್ಲೂ ಒಬ್ನೇ. ಅದಕ್ಕೇ ಆ ಮುಖ ಹಲಗೆ ಕಡೆ ತಿರುಗಿಸಿ ಕತ್ತರಿಸ್ತಿದ್ದೆ. ನೋಡ್ತಾ ಇದ್ರೆ ಕೈ ಓಡ್ತಿರ್ಲಿಲ್ಲ," ಎನ್ನುತ್ತಾನೆ ವಿಯೆಲ್ಮೊ.

ವರ್ಷಗಟ್ಟಲೆ ಕತ್ತರಿ ಹಿಡಿದು ಅವನ ಬಲಗೈ ಒಂದು ಆಕಾರಕ್ಕೆ ಬಂದಿತ್ತು. ಎರಡು ಬೆರಳು ನೆಟ್ಟಗೆ, ಉಳಿದವು ಮಡಚಿಕೊಂಡು, ಥೇಟ್ ನಾಣ್ಯದ ಸ್ವಾಮಿ ಹರಸುವ ಹಾಗೆ. ದೋಣಿಯವರು ಕಂಡು ಮಂಡಿಯೂರುತ್ತಿದ್ದರು, ಇವನು ಕೈ ಅಡಗಿಸುತ್ತಿದ್ದ. ಹೆಂಡತಿ ಕಾರಾಕೋಸಾ ಮಾತ್ರ ಬಿಡುತ್ತಿರಲಿಲ್ಲ: "ಆಶೀರ್ವಾದ ಮಾಡಿದ್ದು ಸಾಕು, ಗಂಜಿ ಆರೋಗ್ತಿದೆ, ಚಮಚ ಹಿಡೀರಿ."

ಈ ಚಳಿಗಾಲದಲ್ಲಿ ಒಂದು ದಿನ, ಬಲೆ ಹೆಣೆಯುವ ಬೆರಿಯೋಲಾ ಜ್ವರದ ಮಗಳನ್ನು ಹೊತ್ತು ಚರ್ಚಿಗೆ ಬಂದಳು. ಮಗುವಿನ ಕೊರಳಲ್ಲಿ ನಾಣ್ಯ ನೇತಾಡುವುದನ್ನು ಪೇಟೆಯ ಅಧಿಕಾರಿ ಕಂಡು, ಅವಳನ್ನು ವಿಯೆಲ್ಮೊನ ಮುಂದೆ ತಂದು ನಿಲ್ಲಿಸಿದ.

"ಗಂಡ ಬಿಟ್ಟುಹೋಗಿದ್ದು ಇಷ್ಟೇ ಅಣ್ಣಾ. ಧ್ವಜದ್ದೆಲ್ಲ ಖರ್ಚು ಮಾಡ್ದೆ. ಇದ್ರಲ್ಲಿ ಶಿಲುಬೆ ಇತ್ತು, ಇದಕ್ಕೇ ಶಕ್ತಿ ಜಾಸ್ತಿ ಅಂತ ಮಗೂಗೆ ಕಟ್ದೆ."

"ಎಲ್ರೂ ಹಾಗೇ ಅಂದ್ಕೊಳ್ಳೋದು, ತಾಯಿ."

"ಕತ್ತರಿಸ್ಬೇಡಿ. ಕಟ್ಟಿದ್ಮೇಲೇ ಒಂದು ಗುಟುಕು ನೀರು ಇಳೀತು."

ಅಧಿಕಾರಿ ಕದಲಲಿಲ್ಲ. ವಿಯೆಲ್ಮೊ ಎಂದಿನಂತೆ ನಾಣ್ಯ ಮಗುಚಿ ಕತ್ತರಿಸಿದ.

ಆ ಸದ್ದಿಗೆ, ತಾಯಿಯ ಹೆಗಲ ಮೇಲೆ ಎಚ್ಚರವಿಲ್ಲದೆ ಮಲಗಿದ್ದ ಮಗು ಕಣ್ಣು ಬಿಟ್ಟಿತು. ಕತ್ತರಿ ಹಿಡಿದ ಕೈಯನ್ನೇ ನೋಡಿ, "ಅಮ್ಮಾ, ಇವ್ರೇ ರಾತ್ರಿ ಬಂದಿದ್ದು," ಎಂದಿತು. ಅವನ ಎರಡು ಬೆರಳು ಹಿಡಿದುಕೊಂಡಿತು.

"ಕೆಂಡ ಮುಟ್ಟಿದ ಹಾಗಿತ್ತು. ಆಮೇಲೆ ಅವಳ ಕೈ ತಣ್ಣಗಾಗ್ತಾ ಬಂತು. ಸತ್ತೇಹೋಯ್ತು ಅಂದ್ಕೊಂಡೆ," ಎನ್ನುತ್ತಾನೆ ವಿಯೆಲ್ಮೊ. "ಸತ್ತಿರ್ಲಿಲ್ಲ. ಜ್ವರ ಇಳಿದಿತ್ತು."

ಅವರು ಹೋದ ಮೇಲೆ ಅವನು ಚೂರುಗಳನ್ನು ತಿರುಗಿಸಿ ನೋಡಿದ. ಸ್ವಾಮಿಯ ಮುಖಕ್ಕೆ ಏನೂ ಆಗಿರಲಿಲ್ಲ. ಕತ್ತರಿ ಹಾದದ್ದು ಹರಸುವ ಬಲಗೈ ಮೇಲೆ.

ಅಂದು ಸಂಜೆ ಚಮಚ ಅವನ ಬಲಗೈಯಿಂದ ಜಾರಿತು. ಆ ಬೆರಳುಗಳ ಮೇಲೆ ಮೇಣದ ಬಿಸಿ ಹನಿ ಬಿದ್ದರೂ ಈಗ ತಿಳಿಯುವುದಿಲ್ಲ. ಕಾರಾಕೋಸಾ ಗಂಜಿ ಕುಡಿಸುತ್ತಾಳೆ, ತಮಾಷೆ ನಿಲ್ಲಿಸಿದ್ದಾಳೆ. ಈಸ್ಟರ್ ಹಬ್ಬದೊಳಗೆ ಎಡಗೈ ಪಳಗದಿದ್ದರೆ ಈ ಹಲಗೆ ಬೇರೆಯವರ ಪಾಲು.

ಮಂಜಿನಲ್ಲಿ ಅವನು ಮತ್ತೊಂದು ನಾಣ್ಯ ಎತ್ತಿಕೊಳ್ಳುತ್ತಾನೆ. ಶಿಲುಬೆಯದು. ಸ್ವಾಮಿಯ ಬದಿ ಮೇಲೆ ಮಾಡಿ ಇಡುತ್ತಾನೆ.

"ಈಗ ನೋಡ್ಕೊಂಡೇ ಕತ್ತರಿಸ್ತೀನಿ. ಎಲ್ಲಿ ಹಾಯ್ತಿದೆ ಅಂತ ಗೊತ್ತಿರ್ಬೇಕು."

ಬೆರಿಯೋಲಾಳ ಮಗಳು ಓಡಾಡಿಕೊಂಡಿದ್ದಾಳೆ. ವಿಯೆಲ್ಮೊನ ಬಲಗೈ ಹೋಗಿದೆ.