ನರ್ಸ್‌ಬೆನ್‌ಗೆ ನೀರು

ಬರೋಡದಲ್ಲಿ ನಾವಿದ್ದದ್ದು ರೈಲ್ವೆ ಕಾಲನಿಯಲ್ಲಿ. ಅರವತ್ತರ ದಶಕದ ಮೊದಲ ವರ್ಷಗಳು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಇಂಗ್ಲಿಷು, ಎಂಬ್ರಾಯ್ಡರಿ, ಪಿಯಾನೋ ಎಲ್ಲ ಕಲಿಸಿದ್ದರು. ಬರೋಡದಲ್ಲಿ ಕೆಲಸಕ್ಕೆ ಬಂದದ್ದು ಇಂಗ್ಲಿಷು ಮಾತ್ರ. ಲೇಡೀಸ್ ಕ್ಲಬ್ಬಿನ ಪ್ರೆಸಿಡೆಂಟ್, ಮಿಲ್ ಮಾಲೀಕರೊಬ್ಬರ ಹೆಂಡತಿ, ನನ್ನ ಉಚ್ಚಾರಣೆ ಕೇಳಿ "ಹೌ ಚಾರ್ಮಿಂಗ್!" ಎಂದವರೇ ನನ್ನನ್ನು ರೂರಲ್ ಹೆಲ್ತ್ ಕಮಿಟಿಗೆ ಹಾಕಿಕೊಂಡರು. ರಿಪೋರ್ಟ್ ಬರೆಯಲು ಯಾರಾದರೂ ಬೇಕಾಗಿತ್ತು.

ಕಮಿಟಿ ಒಂದು ಹಳ್ಳಿಯನ್ನು ದತ್ತು ತೆಗೆದುಕೊಂಡಿತ್ತು. ಊರಿನಿಂದ ವ್ಯಾನಿನಲ್ಲಿ ಹತ್ತಿಹೊಲಗಳ ನಡುವೆ ಹೋಗಬೇಕು. ಅಲ್ಲಿ ಸರಕಾರದ ಒಂದು ಕೋಣೆಯ ಆರೋಗ್ಯ ಕೇಂದ್ರ, ಅದರ ಹಿಂದೆಯೇ ನರ್ಸಿಗೆ ಇರಲು ಇನ್ನೊಂದು ಕೋಣೆ. ಮೊದಲು ಬಂದ ನರ್ಸ್ ಹೇಳದೆ ಕೇಳದೆ ಓಡಿಹೋಗಿದ್ದಳು. ಎರಡನೆಯವಳು ನಮ್ಮವಳು, ಗದಗಿನ ಕಡೆಯವಳು. ಬಾಂಬೆ ಸ್ಟೇಟ್ ಇನ್ನೂ ಒಂದಾಗಿದ್ದ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ತರಬೇತಿ ಮುಗಿಸಿ ಈ ಕಡೆ ಪೋಸ್ಟಿಂಗ್ ಪಡೆದಿದ್ದಳಂತೆ. ರಾಜ್ಯಗಳನ್ನು ಹಂಚಿಕೊಂಡಾಗ ಗುಜರಾತಿನ ಪಾಲಿಗೆ ಉಳಿದುಬಿಟ್ಟಳು. ಚಿಕ್ಕ ವಯಸ್ಸಿನ ವಿಧವೆ. ಹಳ್ಳಿಯವರಿಗೆ ಅವಳು ನರ್ಸಕ್ಕ, ಅವರ ಮಾತಿನಲ್ಲಿ ನರ್ಸ್‌ಬೆನ್.

"ನಿಮ್ಮ ಭಾಷೆಯವಳು," ಎಂದರು ಪ್ರೆಸಿಡೆಂಟ್. "ಗುರುವಾರ ಗುರುವಾರ ಹೋಗಿ ಮಾತಾಡಿಸಿ ಬನ್ನಿ. ಮಾರಲ್ ಸಪೋರ್ಟ್ ಕೊಡಿ. ಇವಳೂ ಓಡಿಹೋಗಬಾರದು, ಅಷ್ಟೇ."

ಮೊದಲ ದಿನ ನಾನು ಅವಳಿಗೆಂದು ಮಿಡಿ ಉಪ್ಪಿನಕಾಯಿ ಒಯ್ದಿದ್ದೆ. ಅವಳು ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಉಪ್ಪಿನಕಾಯಿ ತಿಂದ್ರ ನೀರಡಿಕಿ ಆಗತೈತಿ. ಬರೂ ಗುರುವಾರ ನೀರು ತರ್ತೀರೇನ್ರಿ?"

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಸಂಗತಿ ಇಷ್ಟು. ಹೆರಿಗೆ ಮಾಡಿಸಿದವಳಿಗೆ ಆ ಮನೆಯ ಸೂತಕ ತಗಲುತ್ತದೆ, ಸೂತಕ ಕಳೆಯುವವರೆಗೆ ಅವಳು ಊರಬಾವಿಯ ಹಗ್ಗ ಮುಟ್ಟಬಾರದು ಎಂದು ಆ ಊರಿನ ಕಟ್ಟು. ಬಾಣಂತಿ ಮಿಂದು ಶುದ್ಧಳಾಗುತ್ತಾಳೆ. ನರ್ಸ್‌ಬೆನ್ ಶುದ್ಧಳಾಗುವಷ್ಟರಲ್ಲಿ ಇನ್ನೊಂದು ಮನೆಯಲ್ಲಿ ಹೊಟ್ಟೆನೋವು ಶುರುವಾಗಿರುತ್ತದೆ, ಸೂತಕ ಮತ್ತೆ ಮೊದಲಿನಿಂದ. ಹಿಂದೆ ಈ ಕೆಲಸ ಮಾಡುತ್ತಿದ್ದ ಸೂಲಗಿತ್ತಿ ಊರಾಚೆಯ ಕೇರಿಯವಳು. ಆ ಕೇರಿಗೆ ಬೇರೆ ಬಾವಿ ಇತ್ತು. ನರ್ಸ್‌ಬೆನ್ ಅಲ್ಲಿ ನೀರು ಸೇದಿದರೆ ಜಾತಿ ಕೆಟ್ಟವಳೆಂದು ಊರೊಳಗಿನವರು ಹೆರಿಗೆಗೆ ಬಾಗಿಲು ತೆರೆಯುವುದಿಲ್ಲ. ಯಾರಾದರೂ ಮನಸ್ಸು ಮಾಡಿ ತಮ್ಮ ಕೊಡದಿಂದ ಎತ್ತರಕ್ಕೆ ಹಿಡಿದು ಅವಳ ಕೊಡಕ್ಕೆ ಸುರಿಯಬೇಕು. ಇಲ್ಲವಾದರೆ ಕಾಯುತ್ತ ನಿಲ್ಲಬೇಕು.

"ಚೊಲೋತ್ನಂಗ ಕೆಲಸಾ ಮಾಡಿದಷ್ಟೂ ನೀರು ದೂರ ಹೊಕ್ಕೈತ್ರಿ ಅಕ್ಕಾರ," ಎಂದಳು. "ಮೊದಲಿನಾಕಿ ಯಾಕ ಓಡಿಹೋದ್ಲು ಅಂತ ಈಗ ತಿಳೀತು."

ಅಂದಿನಿಂದ ನನ್ನ ಮಾರಲ್ ಸಪೋರ್ಟ್ ಎಂದರೆ ವ್ಯಾನಿನಲ್ಲಿ ಒಯ್ಯುತ್ತಿದ್ದ ಒಂದು ಹಾಲಿನ ಕ್ಯಾನ್ ನೀರು. ಕುಡಿಯಲು, ಕೈ ತೊಳೆಯಲು, ಕತ್ತರಿ ಕುದಿಸಲು ಎಲ್ಲಕ್ಕೂ ಅದು ಎಲ್ಲಿಂದ ಸಾಕಾಗಬೇಕು? ಕೇಂದ್ರದ ಅಂಗಳದಲ್ಲಿ ಒಂದು ಹ್ಯಾಂಡ್‌ಪಂಪ್ ಹಾಕಿಸಿಕೊಡಿ ಎಂದು ಅವಳು ಜಿಲ್ಲೆಯ ಸಾಹೇಬರನ್ನು ಕೇಳಿದ್ದಳು. ಊರಿನಲ್ಲಿ ಬಾವಿ ಇದೆಯಲ್ಲ, ಎಂದು ಅವರು ಹೇಳಿ ಕಳಿಸಿದ್ದರು. ನಾನು ಕ್ಲಬ್ಬಿನಲ್ಲಿ ಮಾತು ತೆಗೆದೆ.

"ಮೈ ಡಿಯರ್," ಎಂದರು ಪ್ರೆಸಿಡೆಂಟ್, ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ಸರಿಸುತ್ತ, "ನೀರು ಈಸ್ ಎ ವಿಲೇಜ್ ಮ್ಯಾಟರ್. ನಾವು ಮಾಡೋದು ಹೆಲ್ತ್."

ಹೆಲ್ತಿಗಾಗಿ ನಾವು ಕೇಂದ್ರಕ್ಕೆ ಒಂದು ಪೋರ್ಸಲೀನ್ ವಾಶ್‌ಬೇಸಿನ್ ಕೊಟ್ಟೆವು. ರಿಬ್ಬನ್ ಕತ್ತರಿಸಿದ್ದಾಯಿತು. ನಲ್ಲಿಯಿಂದ ನೀರು ಬೀಳುವ ಫೋಟೋ ಬೇಕೆಂದಾಗ ನಮ್ಮ ಡ್ರೈವರ್ ಗೋಡೆಯಾಚೆ ಸ್ಟೂಲಿನ ಮೇಲೆ ನಿಂತು ಪೈಪಿನೊಳಗೆ ಥರ್ಮಾಸಿನಿಂದ ಸುರಿದ. ಪ್ರೆಸಿಡೆಂಟ್ ಬೆರಳ ತುದಿಗಳನ್ನು ನೆನೆಸಿಕೊಂಡು ನಕ್ಕರು. ನರ್ಸ್‌ಬೆನ್ ಕೆಳಗೆ ಒಂದು ತಂಬಿಗೆ ಹಿಡಿದು ಆ ನೀರನ್ನೂ ತುಂಬಿಕೊಂಡಳು. "ಸೋ ಥ್ರಿಫ್ಟಿ," ಎಂದರು ಯಾರೋ.

ಒಂದು ಗುರುವಾರ ನಾನು ಅಲ್ಲಿದ್ದಾಗಲೇ ಸರಪಂಚರ ತಾಯಿ ಬಂದರು. ಊರಿಗೆಲ್ಲ ಅವರು ಬಾ, ಅಂದರೆ ಅಮ್ಮ. ಬೆಳ್ಳಗೆ, ತೆಳ್ಳಗೆ, ಎಂಥ ಚೆಂದದ ಮುದುಕಿ! ಮಾತಿನಲ್ಲಿ ಸಕ್ಕರೆ. ಹಿರಿಯ ಮೊಮ್ಮಗನ ಹೆಂಡತಿಗೆ ಮುಂಜಾನೆಯಿಂದ ನೋವು, ಮಗುವಿನ ಕಾಲು ಕೆಳಗಿದೆಯೆಂದು ಹಳೆಯ ಸೂಲಗಿತ್ತಿ ಕೈಬಿಟ್ಟಿದ್ದಳು.

ನರ್ಸ್‌ಬೆನ್ ಚೀಲ ಹೆಗಲಿಗೇರಿಸಿದಳು. ಹೊಸ್ತಿಲಲ್ಲಿ ನಿಂತು ತನ್ನ ಮುರುಕು ಗುಜರಾತಿಯಲ್ಲಿ ಹೇಳಿದಳು: "ಬಾ, ಬರುತ್ತೇನೆ. ಆಮೇಲೆ ನನ್ನ ನೀರನ್ನು ನಾನೇ ತುಂಬಿಕೊಳ್ಳಬೇಕು. ಯಾರ ಮುಂದೆಯೂ ಕೊಡ ಹಿಡಿದು ನಿಲ್ಲಲಾರೆ."

ಬಾ ಅವಳ ತಲೆಯ ಮೇಲೆ ಕೈ ಸವರುವಂತೆ ಗಾಳಿಯಲ್ಲಿ ಕೈಯಾಡಿಸಿದರು, ಮುಟ್ಟಲಿಲ್ಲ. "ಅರೇ ದೀಕ್ರಿ, ನೀನು ನನ್ನ ಮಗಳ ಹಾಗೆ. ನೀರಿಗೇನು ಬಡತನ? ಇನ್ನು ಮೇಲೆ ಯಾರನ್ನೂ ಕೇಳಬೇಡ, ಬೇಕಾದಷ್ಟು ತುಂಬಿಕೋ. ಈ ಬೆನ್ ಸಾಕ್ಷಿ."

ಸಾಕ್ಷಿಯಾದ ನನ್ನನ್ನು ಜಗಲಿಯ ಉಯ್ಯಾಲೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಒಳಗಿನಿಂದ ಚೀರಾಟ ಕೇಳುತ್ತಿತ್ತು. ಬಾ ತೊಗರಿಕಾಯಿ ಸುಲಿಯುತ್ತ, "ಈಗಿನ ಹುಡುಗಿಯರಿಗೆ ಗಂಟಲು ದೊಡ್ಡದು," ಎಂದರು. "ನಾನು ಹೆತ್ತದ್ದು ಪಕ್ಕದ ಕೋಣೆಯಲ್ಲಿದ್ದ ಮಾವನವರಿಗೂ ಗೊತ್ತಾಗಿರಲಿಲ್ಲ."

ಸಂಜೆಗೆ ಗಂಡುಮಗು ಹುಟ್ಟಿತು, ತಾಯಿಯೂ ಉಳಿದಳು. ಗಂಡು ಹುಟ್ಟಿದ್ದು ಊರಿಗೆ ತಿಳಿಯಲೆಂದು ಕಂಚಿನ ತಟ್ಟೆ ಬಡಿದರು. ನನಗೆ ಬೆಲ್ಲ ಬೆಳ್ಳಿ ಬಟ್ಟಲಿನಲ್ಲಿ ಬಂತು. ನರ್ಸ್‌ಬೆನ್ ಮೊಣಕೈವರೆಗೆ ರಕ್ತ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಬಾ ಮೇಲಿನ ಮೆಟ್ಟಿಲಿನಿಂದಲೇ ಅವಳ ಸೆರಗಿಗೆ ಬೆಲ್ಲದ ಉಂಡೆ ಬೀಳಿಸಿದರು.

"ಬಾ ಮಾತು ಕೊಟ್ಟಾರ್ರಿ ಅಕ್ಕಾರ," ಎಂದಳು ವ್ಯಾನಿನ ತನಕ ಬಂದು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಬರೂ ವಾರ ಕ್ಯಾನ್ ತರಬ್ಯಾಡ್ರಿ. ಭಾರ ಆಗತೈತಿ ನಿಮಗ."

ಮುಂದಿನ ಗುರುವಾರ ಕ್ಯಾನ್ ಇಲ್ಲದೆ ಹೋದೆ. ಅವಳು ಸ್ಟೌವಿನ ಮೇಲೆ ಹಂಡೆಯಿಟ್ಟು ನೀರು ಕುದಿಸುತ್ತಿದ್ದಳು. ಹಂಡೆಯ ಅಂಚಿನಲ್ಲಿ ಹಸಿರು ಪಾಚಿ ಅಂಟಿತ್ತು.

"ಬಾವಿ ನೀರಾ ಇದು?"

"ಬಾವಿ ಮಗ್ಗಲದ್ದು," ಎಂದಳು.

ಬಾವಿಯ ಪಕ್ಕದಲ್ಲಿ ದನಗಳಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿಯಿತ್ತು. ಬಾ ತಾವೇ ಅವಳನ್ನು ಕರೆದುಕೊಂಡು ಹೋಗಿ, ಊರ ಹೆಂಗಸರ ಎದುರಿಗೆ, ಇಗೋ ದೀಕ್ರಿ, ಇಲ್ಲಿಂದ ಎಷ್ಟು ಬೇಕಾದರೂ ತುಂಬಿಕೋ, ಯಾರೂ ಬೇಡ ಅನ್ನುವುದಿಲ್ಲ, ಎಂದು ತೋರಿಸಿಕೊಟ್ಟಿದ್ದರು. ಬಾ ಎಷ್ಟು ಉದಾರಿ ಎಂದು ಊರೆಲ್ಲ ಕೊಂಡಾಡಿತು. ಹಗ್ಗ ಮುಟ್ಟುವ ಮಾತೇ ಇಲ್ಲ, ಕೊಟ್ಟ ಮಾತೂ ಉಳಿಯಿತು.

ಕ್ಲಬ್ಬಿನಲ್ಲಿ ಹೇಳಿದೆ. "ವೆಲ್, ದಟ್ ಈಸ್ ಪ್ರೋಗ್ರೆಸ್," ಎಂದರು ಪ್ರೆಸಿಡೆಂಟ್. ಅವರು ವ್ಯಂಗ್ಯವಾಡುವ ಹೆಂಗಸಲ್ಲ.

ಮಗುವಿನ ಹೊಕ್ಕುಳು ಒಣಗುವವರೆಗೆ ಅವಳೇ ಹೋಗಿ ಮೀಯಿಸಬೇಕಾಗಿತ್ತು. ಆ ಮನೆಯ ಕೊಡ ಅವಳು ಮುಟ್ಟುವಂತಿಲ್ಲ, ಆದ್ದರಿಂದ ನೀರನ್ನೂ ಅವಳೇ ಒಯ್ಯಬೇಕು. ಆ ದಿನ ನಾನೂ ಜೊತೆಗೆ ನಡೆದೆ. ಕುದಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿ ಆರಿಸಿದ ನೀರು. ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಎದೆಗೆ, ತೊಡೆಗೆ ಹನಿಹನಿಯಾಗಿ ಸುರಿದಳು. ಮಗು ಸುಖವಾಗಿ ಮುಷ್ಟಿ ಬಿಚ್ಚಿತು. ಬಾ ಹತ್ತಿರ ಬಗ್ಗಿ ನೋಡಿ, ಮೆಚ್ಚಿ, ಏನೋ ಹೊಳೆದವರಂತೆ ಕೇಳಿದರು.

"ದೀಕ್ರಿ, ಈ ನೀರು ಎಲ್ಲಿಯದು?"

"ನೀವು ಕೊಟ್ಟದ್ದೇ, ಬಾ."

ನಾನು ಬೇಕಾದಷ್ಟು ಕಿರುಚಾಟ ಕೇಳಿದ್ದೇನೆ, ಅಂಥದ್ದು ಕೇಳಿಲ್ಲ. "ದನದ ಎಂಜಲಿನಲ್ಲಿ ನನ್ನ ಮರಿಮಗನನ್ನು ಮೀಯಿಸಿದಳು!" ಊರೇ ಸೇರಿತು. ಆವರೆಗೆ ಅದೇ ನೀರನ್ನು ಅವಳು ಕುಡಿಯುತ್ತಿದ್ದಳಲ್ಲ ಎಂದು ನಾನು ಅಂದೆ, ಇಂಗ್ಲಿಷಿನಲ್ಲಿ, ಗುಜರಾತಿಯಲ್ಲಿ, ಕೊನೆಗೆ ಕನ್ನಡದಲ್ಲಿಯೂ. "ಅವಳು ಕುಡಿಯುವುದಕ್ಕೂ ಮಗುವಿಗೂ ಏನು ಸಂಬಂಧ?" ಎಂದು ಒಬ್ಬಾಕೆ ನಿಜವಾಗಿಯೂ ತಿಳಿಯದೆ ಕೇಳಿದಳು.

ಮಗುವಿಗೆ ಏನೂ ಆಗಲಿಲ್ಲ. ದೂರು ಹೋಯಿತು, ಜಿಲ್ಲೆಯ ಸಾಹೇಬರು ಬಂದರು, ಬಾ ಮನೆಯಲ್ಲಿ ಊಟ ಮಾಡಿದರು. ತೊಟ್ಟಿಯ ನೀರು ಹೌದೋ ಅಲ್ಲವೋ, ಅಷ್ಟು ಹೇಳು ಎಂದು ಕೇಳಿದರು. ಹೌದು, ಎಂದಳು. ಅವಳನ್ನು ಸೂರತ್ತಿನಾಚೆ ಸಮುದ್ರದಂಚಿನ ಒಂದು ಹಳ್ಳಿಗೆ ಹಾಕಿದರು.

ಹೊರಡುವ ದಿನ ವ್ಯಾನಿನಲ್ಲಿ ನನ್ನ ಪಕ್ಕ ಕೂತಳು. ಬರೋಡ ಕಂಡಾಗ, "ಅಲ್ಲಿ ಬಾವಿ ಎಲ್ಲಾ ಉಪ್ಪಂತ್ರಿ ಅಕ್ಕಾರ," ಎಂದಳು. "ಒಳ್ಳೇದಾತು. ಕುಡಿಯಾಕ ಬರದ ನೀರಿಗೆ ಯಾರೂ ಬ್ಯಾಡ ಅನ್ನಂಗಿಲ್ಲ."

ಕೇಂದ್ರಕ್ಕೆ ಬೀಗ ಬಿತ್ತು. "ನಿಮ್ಮ ಕಡೆಯ ಹುಡುಗಿಯರು ತುಂಬ ಹಾರ್ಡಿ," ಎಂದರು ಪ್ರೆಸಿಡೆಂಟ್. "ಇನ್ನೊಬ್ಬಳನ್ನು ಹುಡುಕಿಕೊಡಿ, ಪ್ಲೀಸ್. ಸ್ವಲ್ಪ ಟ್ಯಾಕ್ಟ್ ಇರುವವಳು." ಮರುವರ್ಷ ಬೇಸಿಗೆಯಲ್ಲಿ ಬಾ ಮನೆಯ ಆ ಸೊಸೆಯೇ ಎರಡನೆಯ ಹೆರಿಗೆಗೆ ಬರೋಡಕ್ಕೆ ಬರುತ್ತ ಎತ್ತಿನ ಗಾಡಿಯಲ್ಲೇ ತೀರಿಕೊಂಡಳು.

ನಾನು ಮಾತಾಡಿಸಲು ಹೋದೆ. ಬಾ ಇನ್ನಷ್ಟು ತೆಳ್ಳಗಾಗಿದ್ದರು. ತಾಯಿಯಿಲ್ಲದ ಮಗು ಅವರ ಸೆರಗು ಹಿಡಿದು ನಿಂತಿತ್ತು. "ನರ್ಸ್‌ಬೆನ್ ಒಳ್ಳೆಯ ಹುಡುಗಿ," ಎಂದು ಕಣ್ಣೊರೆಸಿಕೊಂಡರು. "ಇದ್ದಿದ್ದರೆ ಇವನ ತಾಯಿ ಉಳಿಯುತ್ತಿದ್ದಳು. ಎಷ್ಟು ಸೌಕರ್ಯ ಮಾಡಿಕೊಟ್ಟೆ ಅವಳಿಗೆ! ಆ ಹಟವೊಂದು ಇರಬಾರದಾಗಿತ್ತು."

ವ್ಯಾನ್ ಹತ್ತುವಾಗ ಆ ಮನೆಯ ಕಿರಿಯ ಸೊಸೆ ಹಿಂದಿನಿಂದ ಬಂದಳು. ತುಂಬು ಬಸುರಿ. ಮುಸುಕನ್ನು ಕಣ್ಣಿನ ತನಕ ಸರಿಸಿ, ಮೆಲ್ಲಗೆ, "ಬೆನ್, ಬೇರೆ ನರ್ಸ್ ಬರುತ್ತಾಳಾ?" ಎಂದು ಕೇಳಿದಳು.

"ಇಲ್ಲಮ್ಮ," ಎಂದೆ. "ಯಾರೂ ಬರುವುದಿಲ್ಲ."

ಅವಳು ತಲೆಯಾಡಿಸಿ ಮುಸುಕು ಎಳೆದುಕೊಂಡಳು.