ಹಂಡೆ ತೊಳೆದ ನೀರು

ನೀರಿನ ಬಣ್ಣ ನೋಡುವ ಚಟ ನಾಗಲಿಂಗಮ್ಮನಿಗೆ ಮದುವೆಯಾಗಿ ಬಂದ ವರ್ಷದಿಂದಲೇ ಅಂಟಿಕೊಂಡಿತ್ತು. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ಅವಳ ತಗಡಿನ ಶೆಡ್ಡು. ಅಟ್ಟದ ಮೇಲೆ ಕಪ್ಪುಗಟ್ಟಿ ಕೂತ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕೊಪ್ಪರಿಗೆಗಳು ಕೂಡ್ಲಿಗಿ, ಹರಪನಹಳ್ಳಿಗಳಿಂದಲೂ ಅಲ್ಲಿಗೆ ಬರುತ್ತವೆ. ಮೊದಲು ತೇಜಾಬಿನಲ್ಲಿ, ಅಂದರೆ ಆಸಿಡ್ಡಿನಲ್ಲಿ ಒಂದು ಮುಳುಗು. ಆಮೇಲೆ ಮೂರು ತೊಟ್ಟಿ ನೀರಿನಲ್ಲಿ ಜಾಲಿಸುವುದು. ಕೊನೆಗೆ ಹುಣಸೆಹಣ್ಣು, ಸಣ್ಣ ಮರಳು, ಮೋಟರಿನ ಬ್ರಷ್ಷು. ಸಂಜೆ ಹೊತ್ತಿಗೆ ಹಂಡೆ ಹೊಸ ಮದುಮಗಳಂತೆ ಹೊಳೆಯುತ್ತದೆ.

ಹಂಡೆ ಹೊಳೆದಷ್ಟೂ ನೀರು ಬಣ್ಣ ಏರುತ್ತಿತ್ತು. ಸೋಮವಾರ ತಿಳಿಯಾಗಿದ್ದದ್ದು ಬುಧವಾರಕ್ಕೆ ತೆಳು ಹಸಿರು, ಶನಿವಾರಕ್ಕೆ ನವಿಲ ಕತ್ತಿನ ನೀಲಿ. ಹಂಡೆಯಿಂದ ಹೋದದ್ದು ನೀರಿಗೆ ಬಂತಲ್ಲ, ನೀರಿನಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಗಂಡನನ್ನು ಕೇಳಿದ್ದಳು. "ಮಣ್ಣಿಗೆ ಹೋಗ್ತತಿ. ಮಣ್ಣಿಂದ ಬಂದದ್ದಲ್ಲೇನು?" ಎಂದಿದ್ದ ಅವನು. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಶೆಡ್ಡು ಅವಳ ಕೈಯಲ್ಲೇ ನಡೆಯಿತು, ಜೊತೆಗೆ ಕೆಲಸದ ಓಬಮ್ಮ. ಶನಿವಾರ ತೊಟ್ಟಿ ಖಾಲಿ ಮಾಡಿ, ಗಂಡ ತೋಡಿದ್ದ ಕಾಲುವೆಯಲ್ಲಿ ನೀರನ್ನು ಹಿಂದಿನ ತಗ್ಗಿಗೆ ಬಿಡುವ ಪದ್ಧತಿಯೂ ಹಾಗೇ ನಡೆಯಿತು.

ಆ ತಗ್ಗಿನ ಪಕ್ಕದಲ್ಲೇ ಮೈಲಪ್ಪ ಕುರಿ ಮೇಯಿಸುತ್ತಿದ್ದ. ಎಂಬತ್ತು ಕುರಿ, ಹನ್ನೊಂದು ಮೇಕೆ. ಮಳೆಗಾಲದಲ್ಲಿ ಕುರಿಯ ಗೊರಸಿನ ಸಂದು ಕೊಳೆಯುತ್ತದೆ. ಆಗ ಕುರಿಗಾರರು ಅಂಗಡಿಯಿಂದ ನೀಲಿ ಮೈಲುತುತ್ತ, ಅಂದರೆ ತಾಮ್ರದ ಉಪ್ಪು, ತಂದು ನೀರಿನಲ್ಲಿ ಕರಗಿಸಿ, ಹಿಂಡನ್ನು ಅದರಲ್ಲಿ ಹಾಯಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಮೈಲಪ್ಪ ತಗ್ಗಿನ ನೀರು ನೋಡಿ ಶೆಡ್ಡಿನ ಬಾಗಿಲಿಗೆ ಬಂದಿದ್ದ.

"ಅಮ್ಮಾರ, ನಿಮ್ಮ ನೀರು ಮೈಲುತುತ್ತದ ಬಣ್ಣ ಐತಿ. ಕುರಿ ಹಾಯಿಸ್ಲೇನು?"

"ಹಾಯಿಸಪ್ಪ, ಚೆಲ್ಲೋ ನೀರು. ನನಗೇನು ಹೋಗೋದು?"

ಗೊರಸು ನಿಜವಾಗಿ ವಾಸಿಯಾದವು. ಮೈಲಪ್ಪ ಖುಷಿಯಾಗಿ ಅವಳಿಗೊಂದು ಕರಿ ಕಂಬಳಿ ತಂದುಕೊಟ್ಟ. ಅಲ್ಲಿಂದ ಪ್ರತಿ ಶನಿವಾರ ಹಿಂಡು ತಗ್ಗಿಗೆ ಇಳಿಯುವುದು ರೂಢಿಯಾಯಿತು. ಬೇಸಿಗೆ ಬಂದಾಗ ಗೊರಸಿನ ಬೇನೆ ಇರಲಿಲ್ಲ, ರೂಢಿ ಮಾತ್ರ ಉಳಿದಿತ್ತು. ಬಾಯಾರಿದ ಕುರಿಗಳು ನಿಂತಲ್ಲೇ ಬಗ್ಗಿ ಕುಡಿದವು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೈಲಪ್ಪ ಬಂದು ಶೆಡ್ಡಿನ ಕಟ್ಟೆಯ ಮೇಲೆ ಕುಳಿತ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಏಳು ಕುರಿ ಹೋದ್ವು ಅಮ್ಮಾರ. ಕಣ್ಣು ಅರಿಶಿಣ ಬಳದಂಗ ಆಗಿದ್ವು. ಉಚ್ಚಿ ನೋಡಿದ್ರ ಹುಣಸಿ ರಸದಂಗ ಕೆಂಪು. ಡಾಕ್ಟ್ರು ಹೊಟ್ಟಿ ಕೊಯ್ದು ನೋಡಿ, ತಾಮ್ರ ಅಂದ್ರು. ನಾನೇನು ಕುರಿನ ತಾಮ್ರದ ತಾಟಿನ್ಯಾಗ ಉಣ್ಣಾಕ ಕುಂದ್ರಿಸ್ತೀನೇನ್ರಿ ಅಂದೆ."

ನಾಗಲಿಂಗಮ್ಮನ ಕೈಯಲ್ಲಿದ್ದ ಕೊಡ ಹಾಗೇ ನಿಂತಿತು. "ಮೇಕಿ?"

"ಅದ ನೋಡ್ರಿ ತಿಳೀವಲ್ದು. ಹನ್ನೊಂದೂ ಗಟ್ಟಿ ಅದಾವ. ಅವೂ ಅದೇ ನೀರು ಕುಡ್ದಾವ. ನೀರಿನದಾಗಿದ್ರ ಅವೂ ಸಾಯ್ಬೇಕಿತ್ತಲ್ಲ?"

ಅಷ್ಟಕ್ಕೇ ಸುಮ್ಮನಿದ್ದರೆ ಅವಳು ಪಾರಾಗುತ್ತಿದ್ದಳು. ಮೇಕೆಗಳೇ ಅವಳ ಪರ ಸಾಕ್ಷಿ ಹೇಳುವಂತಿದ್ದವು. ಆದರೆ ಆ ಪ್ರಶ್ನೆ ಅವಳ ತಲೆಯನ್ನು ಕೊರೆಯತೊಡಗಿತು. ಮೈಲಪ್ಪನ ಫೋನಿನಿಂದಲೇ ದನದ ಡಾಕ್ಟರಿಗೆ ಮಾತಾಡಿದಳು. ಕುರಿಯ ಲಿವರ್ ತಾಮ್ರವನ್ನು ಹೊರಗೆ ಹಾಕದೆ ಕೂಡಿಟ್ಟುಕೊಳ್ಳುತ್ತದೆ, ಮೇಕೆ ಬಹಳಷ್ಟು ತಾಳಿಕೊಳ್ಳುತ್ತದೆ ಎಂದರು ಅವರು. ಗೊರಸಿಗೆ ಔಷಧವಾದದ್ದೇ ಹೊಟ್ಟೆಗೆ ಹೋದರೆ ವಿಷ. ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ, ಕೂಡಿಟ್ಟದ್ದು ಒಮ್ಮೆಲೇ ರಕ್ತಕ್ಕೆ ಇಳಿದಾಗ ಕುರಿ ಬೀಳುತ್ತದೆ.

ಫೋನು ಹಿಂದಿರುಗಿಸುತ್ತ ಅವಳು ಹೇಳಿದಳು: "ನನ್ನ ನೀರ ಮೈಲಪ್ಪ. ಹಾಯಿಸು ಅಂದಾಕಿನೂ ನಾನ."

ಮಾರನೆಯ ದಿನ ಶೆಡ್ಡಿನ ಮುಂದೆ ಕಂಬಳಿ ಹಾಸಿ ನಾಲ್ಕು ಜನ ಕುಳಿತರು. ಅದೇ ಕರಿ ಕಂಬಳಿ. ಕುರಿಗಾರರಲ್ಲಿ ಕಂಬಳಿಯ ಮೇಲೆ ಕೂತು ಆಡಿದ ಮಾತು ತಿರುಗಿಸುವಂತಿಲ್ಲ. ಪಂಚಾಯ್ತಿ ಮೆಂಬರ್ ಪಾಲಾಕ್ಷ ನಡುವೆ ಕೂತಿದ್ದ.

"ಹೋದ ಕುರಿ ಬರಂಗಿಲ್ಲ. ಮುಂದಿಂದು ಹೇಳ್ರಿ ಅಮ್ಮಾರ," ಎಂದ.

"ಬರೋ ಅಮಾಸಿತನ ಟೈಮ್ ಕೊಡ್ರಿ. ಅಲ್ಲಿತನ ಒಂದು ಚರಿಗಿ ನೀರೂ ಹೊರಗ ಬಿಡಂಗಿಲ್ಲ, ಡ್ರಮ್ಮಿನಾಗ ತುಂಬಿಡ್ತೀನಿ. ಅಮಾಸಿ ದಿನ ನೀರಿನಾಗ ವಿಷ ಇರಬಾರ್ದು. ಇತ್ತಂದ್ರ ಶೆಡ್ಡಿಗೆ ಕೀಲಿ ಹಾಕಿ, ಆ ಕೀಲಿ ಮೈಲಪ್ಪನ ಕೈಯಾಗ ಕೊಡ್ತೀನಿ."

"ನೀರಿನಾಗ ಕರಗಿದ ತಾಮ್ರ ಹೆಂಗ ತೆಗೀತೀರಿ? ಸೊಪ್ಪು ಸೋಸಿದಂಗ ಸೋಸ್ತೀರೇನು?" ಎಂದ ಮೈಲಪ್ಪ.

"ಗೊತ್ತಿಲ್ಲ," ಎಂದಳು ನಾಗಲಿಂಗಮ್ಮ. ಅದು ನಿಜವಾಗಿತ್ತು.

ದಾರಿ ತೋರಿಸಿದ್ದು ಓಬಮ್ಮನ ಕುಡುಗೋಲು. ಹಂಡೆಗೆ ಸುತ್ತಿ ಬಂದ ಹುಲ್ಲುಹಗ್ಗ ಕೊಯ್ಯುವಾಗ ಅದು ಕೈಜಾರಿ ಡ್ರಮ್ಮಿಗೆ ಬಿತ್ತು. ಬೆಳಿಗ್ಗೆ ಕೊಕ್ಕೆ ಹಾಕಿ ಎತ್ತಿದರೆ ಅಲಗು ಕೆಂಪಗೆ ಮಿಂಚುತ್ತಿತ್ತು.

"ಅಮ್ಮಾರ, ನನ್ನ ಕುಡುಗೋಲು ತಾಮ್ರದ್ದಾಗೇತಿ ನೋಡ್ರಿ. ಮನ್ಯಾಗಿನ ಕಬ್ಬಿಣ ಎಲ್ಲಾ ಅದ್ದಿದ್ರ ಮಗಳ ಮದುವಿಗೆ ಹಂಡಿ ತರೋದ ಬ್ಯಾಡ."

ನಾಗಲಿಂಗಮ್ಮ ನಗಲಿಲ್ಲ. ಕುಡುಗೋಲನ್ನು ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. ಇಂಥದ್ದನ್ನು ಅವಳು ಹಿಂದೆ ನೋಡಿದ್ದಳು. ಹಡಗಲಿ ಕಡೆಯ ತವರಿನಲ್ಲಿ ಅಪ್ಪ ದಾಳಿಂಬೆ ಗಿಡಕ್ಕೆ ಹೊಡೆಯಲು ಮೈಲುತುತ್ತಕ್ಕೆ ಸುಣ್ಣ ಬೆರೆಸುತ್ತಿದ್ದ. ಬೆರೆಸಿದ ಮೇಲೆ ಕುಡುಗೋಲು ಅದ್ದುತ್ತಿದ್ದ. ಅಲಗು ಕೆಂಪಾದರೆ ತಾಮ್ರ ಇನ್ನೂ ನೀರಿನಲ್ಲಿ ಬಿಡಿಯಾಗಿದೆ, ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಬೆಳ್ಳಗೆ ಉಳಿದರೆ ಸರಿ. "ಸುಣ್ಣ ಕಮ್ಮಿ ಬೀಳಬಾರ್ದು, ಹೆಚ್ಚಾದ್ರ ಮೋಸಿಲ್ಲ," ಎಂದು ಕೊನೆಗೊಂದು ಬೊಗಸೆ ಮೇಲೆ ಸುರಿಯುತ್ತಿದ್ದ.

ಅಪ್ಪನಿಗೆ ಕುಡುಗೋಲು ಬರೀ ಪರೀಕ್ಷೆಯಾಗಿತ್ತು. ಮಗಳಿಗೆ ಅದರಲ್ಲಿ ಇನ್ನೊಂದು ಕಂಡಿತು. ಅಲಗಿನ ಮೇಲೆ ಬಂದು ಕೂತ ತಾಮ್ರ ನೀರಿನಿಂದ ಕಡಿಮೆಯಾಗಿರಲೇಬೇಕಲ್ಲ?

ಮೊದಲ ಡ್ರಮ್ಮಿಗೆ ತುಕ್ಕು ತಿಕ್ಕಿದ ಹಳೆಯ ಮೊಳೆ, ಸವೆದ ನೇಗಿಲ ಕುಳ, ಸರಳಿನ ತುಂಡುಗಳನ್ನು ಸುರಿದಳು. ದಿನಕ್ಕೆರಡು ಸಲ ಕೋಲಿನಿಂದ ಕದಡಿದಳು. ಮೂರನೆಯ ದಿನಕ್ಕೆ ನವಿಲಿನ ನೀಲಿ ಹೋಗಿ ನೀರು ಮಾಸಲು ಹಳದಿಗೆ ಬಂತು. ಕಬ್ಬಿಣದ ಮೇಲೆ ಕೆಂಪು ತಾಮ್ರ ಹಿಟ್ಟಿನಂತೆ ಮೆತ್ತಿತ್ತು. ಆ ನೀರನ್ನು ಎರಡನೆಯ ಡ್ರಮ್ಮಿಗೆ ಬಗ್ಗಿಸಿ ಸುಣ್ಣ ಹಾಕಿದಾಗ ಒಡೆದ ಹಾಲಿನಂತೆ ಗಸಿ ಕಟ್ಟಿ ತಳಕ್ಕೆ ಇಳಿಯಿತು. ಮೇಲಿನ ನೀರನ್ನು ಮರಳಿನಲ್ಲಿ ಸೋಸಿ ಕುಡುಗೋಲು ಅದ್ದಿದಳು. ಒಂದು ಹಗಲು ಕಳೆದರೂ ಅಲಗು ಬೆಳ್ಳಗೇ ಇತ್ತು. ಅಮಾವಾಸ್ಯೆಗೆ ಇನ್ನೂ ಹತ್ತು ದಿನ.

ಆ ವಾರ ಓಬಮ್ಮನ ಮಗಳು ಚಂದನಾ ರಜೆಗೆ ಬಂದಳು. ಬಳ್ಳಾರಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಡ್ರಮ್ಮುಗಳ ಸುತ್ತ ಎರಡು ಸುತ್ತು ಬಂದು, ಒಂದು ಹಂಡೆಯ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಳು.

"ದೊಡ್ಡಮ್ಮ, ಈ ಬೂದಿ ಬಣ್ಣದ ಗೆರಿ ಏನು?"

"ಬೆಸುಗಿ. ಹಳೇ ಹಂಡಿ ಸೋರಿದ್ರ ಹಾಕಿರ್ತಾರ."

"ಇದರಾಗ ಸೀಸ ಇರ್ತತಿ. ತೇಜಾಬಿನಾಗ ಅದೂ ಕರಗ್ತತಿ. ನಿಮ್ಮ ಕುಡುಗೋಲು ತಾಮ್ರದ ಸುದ್ದಿ ಅಷ್ಟ ಹೇಳ್ತತಿ, ಸೀಸ ಇದ್ರೂ ಬೆಳ್ಳಗ ಇರ್ತತಿ."

ಮರುದಿನ ಬಳ್ಳಾರಿಗೆ ಹೋಗಿ, ಕಾಲೇಜಿನಿಂದ ಸಣ್ಣ ಶೀಶೆಯಲ್ಲಿ ಸೀಸ ಪತ್ತೆ ಹಚ್ಚುವ ಒಂದು ದ್ರಾವಣ ತಂದಳು. ಸೋಸಿದ ನೀರಿಗೆ ಎರಡು ಹನಿ ಆಸಿಡ್ ಬಿಟ್ಟು, ಆಮೇಲೆ ಅದನ್ನು ಬೆರೆಸಿದಳು. ಗಾಜಿನ ನಳಿಕೆಯಲ್ಲಿ ಹಳದಿ ಪುಡಿ ಹುಟ್ಟಿ ಮೆಲ್ಲಗೆ ಕೆಳಗಿಳಿಯಿತು. ಬಂಗಾರದ ರಜದಂತೆ ಚೆಂದವಾಗಿತ್ತು.

"ಇದ ಸೀಸ," ಎಂದಳು ಚಂದನಾ.

ನಾಗಲಿಂಗಮ್ಮ ಅಪ್ಪನ ಮಾತಿನಂತೆ ಸುಣ್ಣ ಹೆಚ್ಚಿಸಿದಳು. ಹಳದಿ ಹೆಚ್ಚಿತು. ಇನ್ನೊಂದು ಬೊಗಸೆ ಹಾಕಿದಳು, ಮತ್ತಷ್ಟು ಹೆಚ್ಚಿತು. ಚಂದನಾ ಗಾಬರಿಯಾಗಿ ತನ್ನ ಮೇಡಂಗೆ ಫೋನು ಮಾಡಿದಳು. ಉತ್ತರ ಸಿಕ್ಕಿದ್ದು ಅಮಾವಾಸ್ಯೆಯ ಹಿಂದಿನ ದಿನ. ಸುಣ್ಣ ಹದವಾಗಿ ಬಿದ್ದರೆ ಸೀಸ ತಳಕ್ಕೆ ಇಳಿಯುತ್ತದೆ, ಅತಿಯಾದರೆ ಇಳಿದದ್ದೇ ಮತ್ತೆ ಕರಗಿ ಮೇಲೆ ಬರುತ್ತದೆ. ದಾಳಿಂಬೆ ತೋಟದ ಬುದ್ಧಿ ಇಲ್ಲಿ ಕೈಕೊಟ್ಟಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಕಂಬಳಿ ಮತ್ತೆ ಹಾಸಿದರು. ಕುಡುಗೋಲಿನ ಸುದ್ದಿ ಊರೆಲ್ಲ ಹಬ್ಬಿತ್ತು. ಪಾಲಾಕ್ಷನೇ ಅಲಗನ್ನು ಸೋಸಿದ ನೀರಿಗೆ ಅದ್ದಿ, ಬೀಡಿ ಸೇದಿ ಮುಗಿಸುವ ತನಕ ಕಾದು, ಎತ್ತಿ ಎಲ್ಲರಿಗೂ ತೋರಿಸಿದ.

"ಬೆಳ್ಳಗ ಐತಿ. ಅಮ್ಮಾರು ಗೆದ್ರು. ಏಳ್ರಿ ಇನ್ನ, ಚಾ ಕುಡಿಯೋಣು."

ಮೈಲಪ್ಪ ತಲೆಯಾಡಿಸಿ ಎದ್ದು ನಿಂತಿದ್ದ. ಅಷ್ಟರಲ್ಲಿ ನಾಗಲಿಂಗಮ್ಮ ಒಳಗಿನಿಂದ ಗಾಜಿನ ನಳಿಕೆ ತಂದು ಕಂಬಳಿಯ ಮೇಲಿಟ್ಟಳು. ತಳದಲ್ಲಿ ಹಳದಿ ಕೂತಿತ್ತು.

"ತಾಮ್ರ ಹೋಗೇತಿ. ಸೀಸ ಐತಿ. ಅದು ಕುಡುಗೋಲಿಗೆ ಕಾಣಂಗಿಲ್ಲ."

ಪಾಲಾಕ್ಷ ಕುಡುಗೋಲನ್ನು ನೋಡಿದ, ನಳಿಕೆಯನ್ನು ನೋಡಿದ.

"ನೀವು ಹೇಳದಿದ್ರ ನಮಗ ಗೊತ್ತ ಆಗ್ತಿದ್ದಿಲ್ಲ," ಎಂದ ಮೈಲಪ್ಪ.

"ನಿನ್ನ ಕುರಿಗೆ ಗೊತ್ತಾಗ್ತಿತ್ತು."

ಅವಳು ಸೊಂಟದಿಂದ ಕೀಲಿ ತೆಗೆದು ಮುಂದೆ ಹಿಡಿದಳು. ಬೇಡ ಅನ್ನುತ್ತಾನೆಂದು ಓಬಮ್ಮ ಕಾದಳು. ಮೈಲಪ್ಪ ಬೇಡ ಅನ್ನಲಿಲ್ಲ. ಕೀಲಿ ತೆಗೆದುಕೊಂಡು ರುಮಾಲಿನ ಸೆರಗಿಗೆ ಗಂಟು ಹಾಕಿದ. ಕಂಬಳಿಯ ಮೇಲಿನ ಮಾತು ಮಾತೇ.

"ಹಂಡಿ ಕೆಲಸ ನಿಲ್ಲಿಸ್ರಿ," ಎಂದ. "ನೀರಿನ ಕೆಲಸ ನಿಲ್ಲಿಸಬ್ಯಾಡ್ರಿ. ಡ್ರಮ್ಮು ಹೊರಗ ಅದಾವಲ್ಲ."

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಶೆಡ್ಡಿಗೆ ಹಗಲಿನಲ್ಲಿ ಬೀಗ ಬಿತ್ತು. ನಾಗಲಿಂಗಮ್ಮ ಬೇವಿನ ನೆರಳಿನಲ್ಲಿ ಡ್ರಮ್ಮುಗಳ ಜೊತೆ ಉಳಿದಳು. ಸುಣ್ಣದ ಹದ ಯಾವುದು, ಅಲ್ಲಿಗೇ ನಿಲ್ಲಿಸುವುದು ಹೇಗೆ? ಸುಣ್ಣ ಎಷ್ಟಾಯಿತೆಂದು ಬಣ್ಣದಲ್ಲಿ ತೋರಿಸುವ, ಚಂದನಾ ತಂದ ಕಾಗದದ ಪಟ್ಟಿಗಳು ನಾಲ್ಕು ದಿನಕ್ಕೆ ಮುಗಿದವು. ಶುಕ್ರವಾರ ಹೊಸ್ತಿಲಿಗೆ ಅರಿಶಿಣ ಹಚ್ಚಿ, ಕೈ ತೊಳೆಯದೆಯೇ ಬಂದು ಸುಣ್ಣ ಕದಡುತ್ತಿದ್ದಾಗ ಬೆರಳು ಕೆಂಪಗಾದವು. ಅವಳು ಕೋಲು ಬಿಟ್ಟು ನಿಂತಳು.

"ಓಬಮ್ಮ, ಆರತಿ ನೀರು ಹೆಂಗ ಮಾಡ್ತೀವಿ?"

"ಅರಿಶಿಣಕ್ಕ ಸುಣ್ಣ ಹಾಕಿ. ಇದೇನು ಮದಲಿಂಗನ್ನ ಕರಕೊಂಡು ಬರಾಕ ಹೊಂಟೀರೇನು ಡ್ರಮ್ಮಿಗೆ?"

"ಹೂಂ. ಅರಿಶಿಣದ ಬಟ್ಟಿ ಹರದು ಪಟ್ಟಿ ಮಾಡು."

ಸುಣ್ಣವನ್ನು ಚಮಚದಷ್ಟೇ ಹಾಕುತ್ತ ಪ್ರತಿ ಸಲ ಪಟ್ಟಿ ಅದ್ದಿದಳು. ಹಳದಿ, ಹಳದಿ, ಹಳದಿ. ಆಮೇಲೆ ಅಂಚು ಕೆಂಪಿಗೆ ತಿರುಗಿತು. ಅಲ್ಲಿಗೆ ಕೈ ತಡೆದಳು. ತಡೆಯುವುದೇ ಕಷ್ಟವಾಗಿತ್ತು, ಇನ್ನೊಂದು ಬೊಗಸೆಗೆ ಅಪ್ಪನ ಕೈ ಒಳಗಿನಿಂದ ಜಗ್ಗುತ್ತಿತ್ತು. ಚಂದನಾ ನಳಿಕೆಯಲ್ಲಿ ನೋಡಿದಾಗ ಹಳದಿ ಇಬ್ಬನಿಯಷ್ಟು ಮಾತ್ರ ಮೂಡಿತು. ಉಳಿದದ್ದಕ್ಕೆ ನಾಗಲಿಂಗಮ್ಮನೇ ಉಪಾಯ ಹೇಳಿದಳು. ಬೆಸುಗೆ ನೀರಿಗೆ ಬಂದ ಮೇಲೆ ಹಿಡಿಯುವುದಕ್ಕಿಂತ ಬರುವ ಮುಂಚೆಯೇ ಹಿಡಿದರೆ? ಮನೆಯ ಹಂಡೆಯೊಂದನ್ನು ಅಂಗಳಕ್ಕೆ ತಂದು, ಬೂದಿ ಬಣ್ಣದ ಗೆರೆಯನ್ನು ಉಳಿಯಿಂದ ಕೆರೆದು ತೆಗೆದು, ಆಮೇಲೆ ಅಂಗಡಿಯಿಂದ ತರಿಸಿದ ತೇಜಾಬಿಗೆ ಮುಳುಗಿಸಿದಳು. ಆ ನೀರು ಕಬ್ಬಿಣ ದಾಟಿ, ಸುಣ್ಣ ದಾಟಿ, ಮರಳು ದಾಟಿ ಬಂದಾಗ ನಳಿಕೆಯಲ್ಲಿ ಏನೂ ಮೂಡಲಿಲ್ಲ.

ಮೈಲಪ್ಪ ದಿನಾ ಬರುತ್ತಿದ್ದ. ಮೊದಮೊದಲು ಬೀಗ ನೋಡಲು, ಆಮೇಲೆ ಡ್ರಮ್ಮು ನೋಡಲು. ಪಟ್ಟಿ ಅದ್ದುವ ಕೆಲಸ ತಾನೇ ಕೇಳಿ ಪಡೆದ. ನಳಿಕೆ ತಿಳಿಯಾಗಿದ್ದನ್ನು ಕಂಡು ಅವನು ರುಮಾಲಿನ ಗಂಟಿಗೆ ಕೈಹಾಕಿದಾಗ ನಾಗಲಿಂಗಮ್ಮನೇ ತಡೆದಳು.

"ಕಣ್ಣಿಗೆ ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ. ಕುಡುಗೋಲಿನಾಗ ಒಮ್ಮಿ ಮೋಸ ಹೋಗೀವಿ. ಬಾಟ್ಲಿ ದಾವಣಗೆರೆ ಲ್ಯಾಬಿಗೆ ಹೋಗ್ಲಿ."

ಹನ್ನೆರಡು ದಿನಕ್ಕೆ ಕಾಗದ ಬಂತು. ಚಂದನಾ ಓದಿದಳು. ತಾಮ್ರ, ಸೀಸ ಎರಡೂ ನೀರು ಹೊರಗೆ ಬಿಡಲು ಇಟ್ಟಿರುವ ಮಿತಿಯ ಕೆಳಗಿದ್ದವು. ಮೈಲಪ್ಪ ಮತ್ತೊಮ್ಮೆ ಓದಿಸಿ ಕೇಳಿ, ಗಂಟು ಬಿಚ್ಚಿ ಕೀಲಿಯನ್ನು ಅವಳ ಅಂಗೈಗೆ ಹಾಕಿದ. ಚೀಲದಿಂದ ಇನ್ನೊಂದು ವಸ್ತುವನ್ನೂ ತೆಗೆದ. ಉಣ್ಣೆ ಕತ್ತರಿಸಿ ಸವೆದು, ಒಂದು ಅಲಗು ಮುರಿದ ಕುರಿಗತ್ತರಿ.

"ಇದನ್ನೂ ಮೊದಲನೇ ಡ್ರಮ್ಮಿಗೆ ಹಾಕ್ರಿ. ನಮ್ಮಪ್ಪಂದು. ಕಬ್ಬಿಣ ಗಟ್ಟಿ ಐತಿ."

ಈಗ ಶೆಡ್ಡು ನಡೆಯುತ್ತಿದೆ. ತಗ್ಗಿನ ಕಾಲುವೆಯನ್ನು ಕಲ್ಲುಮಣ್ಣಿನಿಂದ ಮುಚ್ಚಿದ್ದಾರೆ. ಸೋಸಿದ ನೀರು ತಿರುಗಿ ಜಾಲಿಸುವ ಮೊದಲ ತೊಟ್ಟಿಗೇ ಹೋಗುತ್ತದೆ. ತಳದ ಗಸಿಯನ್ನು ಒಣಗಿಸಿ, ಬೆಸುಗೆಯ ಪುಡಿಯ ಜೊತೆ ಮುಚ್ಚಳದ ಪೀಪಾಯಿಯಲ್ಲಿ ತುಂಬಿಡುತ್ತಾರೆ, ಅಪಾಯದ ಕಸ ಒಯ್ಯುವವರ ಗಾಡಿ ಬರುವ ತನಕ.

ಹೋದ ಶನಿವಾರ ಮೈಲಪ್ಪ ಹಿಂಡನ್ನು ದೂರದ ಬದುವಿನಲ್ಲಿ ನಿಲ್ಲಿಸಿ ಒಬ್ಬನೇ ಬಂದ. ಡ್ರಮ್ಮಿನೊಳಗೆ ಕೊಕ್ಕೆ ಇಳಿಬಿಟ್ಟು ಕುರಿಗತ್ತರಿ ಎತ್ತಿದ. ಅದು ಉದ್ದಕ್ಕೂ ಕೆಂಪಾಗಿತ್ತು. ಉಗುರಿನಿಂದ ಕೆರೆದಾಗ ಒಳಗೆ ಕಪ್ಪು ಕಬ್ಬಿಣ ಕಂಡಿತು.

"ಇನ್ನ ಎಷ್ಟು ದಿನ ತಾಮ್ರ ಎಳೀತತಿ ಇದು?"

"ಕರಗಿ ಮುಗಿಯೋತನ."

ಅವನು ಕತ್ತರಿಯನ್ನು ಮತ್ತೆ ಡ್ರಮ್ಮಿಗೆ ಇಳಿಸಿದ. ಕೊನೆಯ ಡ್ರಮ್ಮಿನ ತಿಳಿನೀರನ್ನು ಬೊಗಸೆಯಲ್ಲಿ ಎತ್ತಿ ಬಿಸಿಲಿಗೆ ಹಿಡಿದ.

"ಕಾಗದ ಬಂದೇತಿ. ಈಗ ಕುರಿಗೆ ಕುಡಿಸಬಹುದಾ ಅಮ್ಮಾರ?"

"ಬ್ಯಾಡ. ಇದು ಹಂಡಿ ನೀರು, ಹಂಡಿಗ ಇರ್ಲಿ," ಎಂದಳು ನಾಗಲಿಂಗಮ್ಮ.

ಮೈಲಪ್ಪ ಬೊಗಸೆಯ ನೀರನ್ನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಡ್ರಮ್ಮಿಗೇ ಸುರಿದು, ಕೈ ಒರೆಸಿಕೊಂಡು ಹಿಂಡಿನ ಕಡೆ ನಡೆದ.